ಚಿತ್ರ ಚೆನ್ನಾಗಿ ಬರಬೇಕಿಲ್ಲ, ಮನಸ್ಸಿನದೆಲ್ಲ ಹೇಳಬೇಕಿಲ್ಲ

ಉದ್ದನೆಯ ಮೇಜು. ಅದರ ಮೇಲೆ ಕಾಗದ, ಬಣ್ಣ, ಜೇಡಿಮಣ್ಣು, ಕತ್ತರಿ, ಹಳೇ ಬಟ್ಟೆಯ ತುಂಡುಗಳು. ಸುತ್ತ ಹತ್ತು ಹನ್ನೆರಡು ಜನ. ಕೆಲಸ ಮುಗಿಸಿ ನೇರ ಬಂದವರು, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡು ಸೋತವರು, ಯಾರನ್ನೋ ಕಳೆದುಕೊಂಡವರು, ಯುದ್ಧದ ಸುದ್ದಿ ನೋಡಿ ನೋಡಿ ನಿದ್ದೆ ಕೆಟ್ಟವರು. ಕಲಾವಿದರು ಅಂತ ಹೇಳಿಕೊಳ್ಳುವವರು ಬಹಳ ಕಡಿಮೆ. ಒಂದೆರಡು ಗಂಟೆ ಏನೋ ಬರೆಯುತ್ತಾರೆ, ತಟ್ಟುತ್ತಾರೆ, ಹೊಲಿಯುತ್ತಾರೆ, ಎದ್ದು ಹೋಗುತ್ತಾರೆ. ಗ್ರಂಥಾಲಯ, ಆಸ್ಪತ್ರೆ, ಮ್ಯೂಸಿಯಂ, ನಿರಾಶ್ರಿತರ ಶಿಬಿರ, ಎಲ್ಲ ಕಡೆ ಈಗ ಇಂಥ ಕಲಾ ಕೂಟಗಳು ನಡೆಯುತ್ತಿವೆ.

ಇದು ಸುಮ್ನೆ ಹೊತ್ತು ಕಳೆಯುವ ಕೆಲಸ ಎನ್ನುವವರಿದ್ದಾರೆ. ಬಣ್ಣ ಹಚ್ಚಿದರೆ ಸಾಕು, ಟೆನ್ಷನ್ ಎಲ್ಲ ಮಾಯ ಎಂದು ದುಡ್ಡು ಕೇಳುವವರೂ ಇದ್ದಾರೆ. ಎರಡನ್ನೂ ಒಪ್ಪುವುದು ಕಷ್ಟ. ಈ ಕೂಟಗಳಿಂದ ಒಳ್ಳೆಯದಾಗುತ್ತದೆ ಎನ್ನಲು ಗಟ್ಟಿ ಕಾರಣಗಳಿವೆ. ಆದರೆ ಆ ಒಳ್ಳೆಯದು ಒಂದು ಷರತ್ತಿನ ಮೇಲೆ ನಿಂತಿದೆ: ಬಂದವರಿಂದ ಏನನ್ನೂ ಕೇಳಬಾರದು. ಒಳ್ಳೆ ಚಿತ್ರ ಬೇಡ, ಕಣ್ಣೀರಿನ ಕಥೆ ಬೇಡ, ಕೊನೆಗೆ ಚಪ್ಪಾಳೆಯೂ ಬೇಡ. ಮೊದಲು ಬಿಡುವು, ಯೋಚನೆ ಆಮೇಲೆ. ಕೂಟ ನಡೆಸುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಈಗಲೇ ಯಾಕೆ ಇಷ್ಟು ಬೇಡಿಕೆ? ಕೋವಿಡ್ ಬಂದ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇಕಡಾ 25ರಷ್ಟು ಹೆಚ್ಚಾಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಆ ಭಯ ಇಳಿಯಿತು, ಒಂಟಿತನ ಮಾತ್ರ ಉಳಿಯಿತು. ಅದೇ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, ಜಗತ್ತಿನ ಪ್ರತಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಅದರ ನಂಟಿದೆ. ಇದರ ಮೇಲೆ ಯುದ್ಧಗಳು, ಕೆಲಸ ಉಳಿಯುತ್ತೋ ಇಲ್ಲವೋ ಎಂಬ ಅಂಜಿಕೆ, ಒಂದೇ ಸಮನೆ ಕರೆಯುವ ಫೋನು. ಜನರಿಗೆ ಮನರಂಜನೆಗೆ ಕೊರತೆಯಿಲ್ಲ. ಕೊರತೆ ಇರುವುದು ಇನ್ನೊಬ್ಬರ ಪಕ್ಕ ಏನೂ ಸಾಬೀತು ಮಾಡದೆ ಕೂರುವ ಜಾಗಕ್ಕೆ.

ಕೈ ಕೆಲಸ ಮಾಡುವಾಗ ಮೈಯಲ್ಲಿ ಏನಾಗುತ್ತದೆ ಎಂದು ನೋಡಿದ ಅಧ್ಯಯನಗಳಿವೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಅವುಗಳಲ್ಲಿ ಹೆಸರಾದದ್ದು. 39 ವಯಸ್ಕರಿಗೆ ಮಾರ್ಕರ್, ಜೇಡಿಮಣ್ಣು, ಕೊಲಾಜ್‌ಗೆ (ತುಂಡುಗಳನ್ನು ಅಂಟಿಸಿ ಮಾಡುವ ಚಿತ್ರಕ್ಕೆ) ಬೇಕಾದ ಕಾಗದ ಕೊಟ್ಟು, 45 ನಿಮಿಷ ತಮಗೆ ಬೇಕಾದ್ದು ಮಾಡಿ ಎಂದರು. ಮೊದಲೂ ಆಮೇಲೂ ಎಂಜಲು ತೆಗೆದು ಕಾರ್ಟಿಸಾಲ್ ಅಳೆದರು. ಒತ್ತಡ ಹೆಚ್ಚಾದಾಗ ಮೈಯಲ್ಲಿ ಏರುವ ಹಾರ್ಮೋನು ಅದು. ಸುಮಾರು ಮುಕ್ಕಾಲು ಪಾಲು ಜನರಲ್ಲಿ ಅದು ಇಳಿದಿತ್ತು.

ಇದರಲ್ಲಿ ನನಗೆ ಇಷ್ಟವಾದ ಸಂಗತಿ ಇನ್ನೊಂದು. ಮೊದಲೇ ಕಲೆ ಗೊತ್ತಿದ್ದವರಿಗೂ ಕುಂಚವನ್ನೇ ಹಿಡಿಯದವರಿಗೂ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಂಗೆ ಚಿತ್ರ ಬರಲ್ಲ ಎಂದು ಬಾಗಿಲಲ್ಲೇ ಹಿಂಜರಿಯುವವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಿಲ್ಲ. ಹಾಗಂತ ಅಧ್ಯಯನವನ್ನು ಅಳತೆ ಮೀರಿ ಹೊಗಳುವುದೂ ಬೇಡ. ಜನ ಕಡಿಮೆ. ಕಲೆಯ ಬದಲು ಸುಮ್ಮನೆ ಕೂತು ವಿಶ್ರಾಂತಿ ಪಡೆದ ಇನ್ನೊಂದು ಗುಂಪನ್ನು ಪಕ್ಕಕ್ಕಿಟ್ಟು ಹೋಲಿಸಿಲ್ಲ. ಕಾಲು ಭಾಗ ಜನರಲ್ಲಿ ಕಾರ್ಟಿಸಾಲ್ ಇಳಿಯಲಿಲ್ಲ ಎಂಬುದನ್ನೂ ಮರೆಯಬಾರದು. ಇನ್ನೂ ದೊಡ್ಡ ನೋಟ ಬೇಕಾದವರು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಂದ ವರದಿ ನೋಡಬಹುದು. ಕಲೆ ಮತ್ತು ಆರೋಗ್ಯದ ಬಗ್ಗೆ ನಡೆದ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಅದು ಒಟ್ಟಿಗೆ ಇಟ್ಟು ನೋಡಿತ್ತು. ಎಲ್ಲವೂ ಒಂದೇ ತೂಕದವಲ್ಲ, ಆದರೆ ಒಟ್ಟು ದಿಕ್ಕು ಸ್ಪಷ್ಟವಾಗಿದೆ.

ಕೂಟದ ಮೊದಲ ಹತ್ತು ನಿಮಿಷ ಗಮನಿಸಿ. ಅಲ್ಲೇ ಎಲ್ಲ ತೀರ್ಮಾನವಾಗುತ್ತದೆ. ಬಿಳಿ ಹಾಳೆ ಎದುರಿಗಿದ್ದರೆ ಜನ ಪೆನ್ಸಿಲ್ ಹಿಡಿದು ಪಕ್ಕದವರ ಹಾಳೆ ನೋಡುತ್ತಾರೆ. ಒಂದು ಗೆರೆ ಎಳೆದು ಅಳಿಸುತ್ತಾರೆ. ಕ್ಷಮೆ ಕೇಳುವ ಹಾಗೆ ನಗುತ್ತಾರೆ. ಶಾಲೆಯಲ್ಲಿ ಯಾರೋ ಆಡಿದ ಮಾತು ಎಷ್ಟೋ ವರ್ಷದ ನಂತರವೂ ಆ ಕೈಯಲ್ಲಿ ಕೂತಿರುತ್ತದೆ. ಅದೇ ಜನರ ಕೈಗೆ ಮುಷ್ಟಿಯಷ್ಟು ಜೇಡಿಮಣ್ಣು ಕೊಡಿ. ಏನನ್ನೂ ಮಾಡಬೇಡಿ, ಕಣ್ಣು ಮುಚ್ಚಿ ಸುಮ್ಮನೆ ಒತ್ತುತ್ತಾ ಇರಿ ಎನ್ನಿ. ಮೊದಲು ಮಣ್ಣು ತಣ್ಣಗೆ, ಗಟ್ಟಿಯಾಗಿರುತ್ತದೆ. ಎರಡು ಮೂರು ನಿಮಿಷದಲ್ಲಿ ಅಂಗೈ ಬಿಸಿಗೆ ಮೆತ್ತಗಾಗುತ್ತದೆ. ಹೆಬ್ಬೆರಳು ತಾನಾಗೇ ಒಂದು ಗುಳಿ ಹುಡುಕಿಕೊಂಡು ಅಲ್ಲೇ ಓಡಾಡತೊಡಗುತ್ತದೆ. ಅಷ್ಟು ಹೊತ್ತಿಗೆ ಕಿವಿವರೆಗೆ ಏರಿದ್ದ ಭುಜಗಳು ಇಳಿದಿರುತ್ತವೆ. ಮಣ್ಣನ್ನು ಒತ್ತುವುದರಲ್ಲಿ ಸರಿ ತಪ್ಪು ಇಲ್ಲವಲ್ಲ, ಅದಕ್ಕೇ.

ಅನುಭವ ಇರುವವರು ಖಾಲಿ ಹಾಳೆಯಿಂದ ಶುರು ಮಾಡುವುದಿಲ್ಲ. ಒಂದು ವೃತ್ತ ಎಳೆದುಕೊಡುತ್ತಾರೆ, ಹಾಳೆಯನ್ನು ಮೊದಲೇ ಒದ್ದೆ ಮಾಡಿ ಕೊಡುತ್ತಾರೆ, ಒಂದೇ ಬಣ್ಣ ಮಾತ್ರ ಬಳಸಿ ಎನ್ನುತ್ತಾರೆ. ಆಯ್ಕೆ ಕಡಿಮೆಯಾದರೆ ದಣಿದ ತಲೆಗೆ ಹಗುರ. 2005ರಲ್ಲಿ 84 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಮಂಡಲದ ವಿನ್ಯಾಸಕ್ಕೆ ಅಥವಾ ಚೌಕುಳಿ ವಿನ್ಯಾಸಕ್ಕೆ ಬಣ್ಣ ತುಂಬಿದವರ ಆತಂಕ, ಖಾಲಿ ಹಾಳೆಯಲ್ಲಿ ಇಷ್ಟ ಬಂದದ್ದು ಬರೆದವರಿಗಿಂತ ಜಾಸ್ತಿ ಇಳಿದಿತ್ತು. ನಂತರದ ಪ್ರಯೋಗಗಳಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ, ಹಾಗಾಗಿ ಮಂಡಲಕ್ಕೇ ಏನೋ ವಿಶೇಷ ಶಕ್ತಿ ಇದೆ ಎಂದು ನಂಬಬೇಕಿಲ್ಲ. ಹಿಡಿದು ನಡೆಯಲು ಒಂದು ಗೆರೆ ಸಿಕ್ಕರೆ ಕೈ ಬೇಗ ಸಡಿಲವಾಗುತ್ತದೆ, ನನಗೆ ಕಾಣುವುದು ಇಷ್ಟು.

ಈಗ ಎಲ್ಲರೂ ತಪ್ಪು ತಿಳಿಯುವ ಜಾಗಕ್ಕೆ ಬರೋಣ. ಕಲೆ ಎಂದರೆ ಒಳಗಿರುವುದನ್ನು ಹೊರಗೆ ಹಾಕುವುದು, ದುಃಖ ಇದ್ದರೆ ದುಃಖವನ್ನೇ ಬರೆಯಬೇಕು, ಆಗ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಮನಃಶಾಸ್ತ್ರಜ್ಞರಾದ ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಇದನ್ನು ಪರೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದರು. ಜನರ ಮನಸ್ಸು ಮೊದಲು ಭಾರವಾಗುವಂತೆ ಮಾಡಿ, ಆಮೇಲೆ ಚಿತ್ರ ಬರೆಯಲು ಹೇಳಿದರು. ಕೆಲವರು ಆ ದುಃಖವನ್ನೇ ಬರೆಯಬೇಕು. ಉಳಿದವರು ಅದಕ್ಕೆ ಸಂಬಂಧವೇ ಇಲ್ಲದ್ದನ್ನು ಬರೆಯಬೇಕು. ಮೂಡ್ ಹೆಚ್ಚು ಸುಧಾರಿಸಿದ್ದು ಎರಡನೆಯ ಗುಂಪಿನಲ್ಲಿ. ಎದುರಿಗಿರುವ ವಸ್ತುವನ್ನು ನೋಡಿ ನೋಡಿ ಬರೆಯುವಾಗ ಮನಸ್ಸಿಗೆ ಆ ಹೊತ್ತಿಗೆ ರಜೆ ಸಿಗುತ್ತದೆ. ಇದನ್ನು ತಪ್ಪಿಸಿಕೊಳ್ಳುವುದು ಎಂದು ಹಳಿಯುವುದು ಸರಿಯಲ್ಲ. ರಾತ್ರಿಯೆಲ್ಲ ಅದನ್ನೇ ಯೋಚಿಸಿದವರಿಗೆ ಸಂಜೆಯೂ ಅದನ್ನೇ ಬರೆಯಿರಿ ಎನ್ನುವುದು ದಯೆ ಅಲ್ಲ.

ಒತ್ತಾಯದಿಂದ ಮಾತಾಡಿಸುವುದರ ಅಪಾಯ ಇನ್ನೊಂದು ಕಡೆಯಿಂದಲೂ ಗೊತ್ತಾಗಿದೆ. 1980 ಮತ್ತು 90ರ ದಶಕಗಳಲ್ಲಿ ದುರಂತ ನಡೆದ ಕೂಡಲೇ ಬದುಕುಳಿದವರನ್ನು ಕೂರಿಸಿ, ನಡೆದದ್ದನ್ನೆಲ್ಲ ಒಂದೇ ಬಾರಿಗೆ ಹೇಳಿಸುವ ಪದ್ಧತಿ ಜೋರಾಗಿತ್ತು. ಅದರ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2002ರಲ್ಲಿ ಬಂದ ಕಾಕ್ರೇನ್ ವಿಮರ್ಶೆಗೆ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವರದಿ), ಇದರಿಂದ ಮುಂದಿನ ಮಾನಸಿಕ ತೊಂದರೆ ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಕೆಲವರಿಗೆ ತೊಂದರೆ ಹೆಚ್ಚೇ ಆಗಿರಬಹುದು ಎಂಬ ಸುಳಿವೂ ಇತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪಾಲುದಾರರ ಜೊತೆ ತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಇದಕ್ಕೇ ಎಚ್ಚರಿಸುತ್ತದೆ: ಕೇಳಿಸಿಕೊಳ್ಳಿ, ಆದರೆ ಹೇಳಿ ಹೇಳಿ ಎಂದು ಒತ್ತಬೇಡಿ. ಎಷ್ಟೋ ಕೂಟಗಳ ಕೊನೆಯಲ್ಲಿ ಎಲ್ಲರೂ ವೃತ್ತವಾಗಿ ಕೂತು, ಒಬ್ಬೊಬ್ಬರಾಗಿ ತಮ್ಮ ಚಿತ್ರದ ಬಗ್ಗೆ ಮಾತಾಡಲೇಬೇಕು ಎಂಬ ನಿಯಮ ಇರುತ್ತದೆ. ಅದನ್ನು ಬಿಟ್ಟುಬಿಡಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ತನ್ನ ಸರದಿ ಹತ್ತಿರ ಬರುತ್ತಿದೆ ಎಂದು ಎದೆ ಹೊಡೆದುಕೊಳ್ಳುವವರಿಗೆ ಅಲ್ಲಿವರೆಗೆ ಸಿಕ್ಕ ನೆಮ್ಮದಿ ಆ ಹತ್ತು ನಿಮಿಷದಲ್ಲಿ ಹೋಗಿಬಿಡುತ್ತದೆ.

ಹಾಗಾದರೆ ಒಳಗೆ ನೋಡಿಕೊಳ್ಳುವುದೇ ಬೇಡವೇ? ಬೇಕು. ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಲಕಿದ ಘಟನೆಗಳ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಆದರೆ ಮುಂದಿನ ತಿಂಗಳುಗಳಲ್ಲಿ ನಡೆದದ್ದನ್ನೂ ಅನಿಸಿದ್ದನ್ನೂ ಸೇರಿಸಿ ಬರೆದವರು ವೈದ್ಯರ ಬಳಿ ಹೋಗಿದ್ದು ಕಡಿಮೆ. ಅಂದರೆ ಯೋಚನೆಯ ಲಾಭ ನಿಧಾನಕ್ಕೆ ಬರುತ್ತದೆ, ಅದಕ್ಕೆ ಮೊದಲು ನೋವು ಬರುತ್ತದೆ. ಆ ಬರಹವನ್ನು ಯಾರ ಎದುರೂ ಓದಬೇಕಾಗಿರಲಿಲ್ಲ ಎಂಬುದು ಮುಖ್ಯ. ಕಲಾ ಕೂಟದಲ್ಲೂ ಹೀಗೇ. ಮೂರು ನಾಲ್ಕು ಸಲ ಬಂದ ಮೇಲೆ, ಕುಂಚ ತೊಳೆಯಲು ಸಿಂಕಿನ ಹತ್ತಿರ ನಿಂತಾಗ, ಪಕ್ಕದವರಿಗೆ ಒಂದು ಮಾತು ಹೇಳುತ್ತಾರೆ. ಅಥವಾ ಹೇಳುವುದೇ ಇಲ್ಲ. ಎದುರುಬದುರು ಕೂತು ಕಣ್ಣಿಗೆ ಕಣ್ಣಿಟ್ಟು ಆಡಲಾಗದ ಮಾತು, ಇಬ್ಬರ ಕಣ್ಣೂ ಕೈಯ ಮೇಲಿದ್ದಾಗ ಸಲೀಸಾಗಿ ಬರುತ್ತದೆ. ಆ ಮಾತಿಗೆ ಜಾಗ ಇಟ್ಟರೆ ಸಾಕು, ಟೈಮ್ ಟೇಬಲ್ ಬೇಡ.

ಇದನ್ನು ಅತಿ ಕಠಿಣ ಸ್ಥಿತಿಯಲ್ಲಿ ಮಾಡಿ ತೋರಿಸಿದವರು ಫ್ರೀಡ್ಲ್ ಡಿಕರ್-ಬ್ರಾಂಡೈಸ್. ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಯಹೂದಿ ಕಲಾವಿದೆ. 1942ರ ಡಿಸೆಂಬರ್‌ನಲ್ಲಿ ನಾಜಿಗಳು ಅವರನ್ನು ತೆರೆಜಿನ್ ಎಂಬಲ್ಲಿದ್ದ ಬಂಧನ ಶಿಬಿರಕ್ಕೆ ಸಾಗಿಸಿದರು. ಜೊತೆಗೆ ಒಯ್ಯಲು ಬಿಟ್ಟ ಅಷ್ಟಿಷ್ಟು ಸಾಮಾನಿನಲ್ಲೂ ಅವರು ಕಲೆಯ ಸಾಮಗ್ರಿ ತುಂಬಿಕೊಂಡಿದ್ದರು. ಅಲ್ಲಿ ಮಕ್ಕಳಿಗೆ ಚಿತ್ರ ಕಲಿಸಿದರು. ತಾಳಕ್ಕೆ ತಕ್ಕ ಹಾಗೆ ಗೆರೆ ಎಳೆಯುವುದು, ಸಿಕ್ಕಿದ ಕಾಗದ ಹರಿದು ಅಂಟಿಸುವುದು, ಹೀಗೆ ಸರಳ ಕೆಲಸಗಳು. ಮಕ್ಕಳು ಹಸಿವಿನಲ್ಲಿದ್ದರು, ಮನೆಯವರಿಂದ ದೂರವಾಗಿದ್ದರು. ಅವರ ಚಿತ್ರಗಳಲ್ಲಿ ಶಿಬಿರದ ಮಂಚಗಳೂ ಇವೆ, ಆದರೆ ಹೂವು, ಮನೆ, ಬಯಲು, ಚಿಟ್ಟೆಗಳೂ ತುಂಬ ಇವೆ. ತಮ್ಮ ಚಿತ್ರಕ್ಕೆ ತಮ್ಮ ಹೆಸರನ್ನೇ ಬರೆಯುವಂತೆ ಅವರು ಮಕ್ಕಳಿಗೆ ಹೇಳುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ನಲ್ಲಿ ಫ್ರೀಡ್ಲ್ ಅವರನ್ನು ಕೊಂದರು. ಆ ಮಕ್ಕಳಲ್ಲಿ ಹೆಚ್ಚಿನವರೂ ಉಳಿಯಲಿಲ್ಲ. ಎರಡು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟ ಸುಮಾರು 4,500 ಚಿತ್ರಗಳು ಉಳಿದವು, ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಶಿಬಿರಕ್ಕೂ ಮೊದಲು ಫ್ರೀಡ್ಲ್ ಬಳಿ ಕಲಿತಿದ್ದ ಈಡಿತ್ ಕ್ರಾಮರ್ ಅಮೆರಿಕ ಸೇರಿ, ಆರ್ಟ್ ಥೆರಪಿಯನ್ನು, ಅಂದರೆ ಕಲೆಯ ಮೂಲಕ ಮನಸ್ಸಿಗೆ ಕೊಡುವ ಚಿಕಿತ್ಸೆಯನ್ನು ಕಟ್ಟಿದ ಮೊದಲಿಗರಲ್ಲಿ ಒಬ್ಬರಾದರು. ಕಲೆ ಆ ಮಕ್ಕಳ ಪ್ರಾಣ ಉಳಿಸಲಿಲ್ಲ. ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ಉಳಿದದ್ದನ್ನು ಮಾತಾಡಬೇಕು. ಆ ಕೋಣೆಯಲ್ಲಿ ಕೆಲವು ಗಂಟೆ ಅವರು ಮಕ್ಕಳಾಗಿಯೇ ಇದ್ದರು.

ದುಃಖವನ್ನೇ ನೇರ ಕೈಗೆತ್ತಿಕೊಂಡ ಕೂಟಗಳೂ ಇವೆ. ಏಡ್ಸ್‌ನಿಂದ ಸತ್ತವರ ನೆನಪಿಗೆ ಅಮೆರಿಕದಲ್ಲಿ ಹೊಲಿದ ದೊಡ್ಡ ಕ್ವಿಲ್ಟ್ (ಕೌದಿ) ಅದಕ್ಕೆ ಉದಾಹರಣೆ. ಒಂದೊಂದು ತುಂಡೂ 3 ಅಡಿ ಅಗಲ, 6 ಅಡಿ ಉದ್ದ, ಹೆಚ್ಚುಕಡಿಮೆ ಒಂದು ಸಮಾಧಿಯ ಅಳತೆ. 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು, ಈಗ ಸುಮಾರು 50,000. ಸತ್ತವರ ಜೀನ್ಸ್, ಅಂಗಿ, ಗೊಂಬೆಗಳನ್ನು ಸೇರಿಸಿ ಹೊಲಿದವುಗಳಿವೆ. ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಲೂ ಮನೆಯವರು ಹೆದರುತ್ತಿದ್ದ ಕಾಲ ಅದು. ಅಲ್ಲಿ ಹೊಲಿದವರು ತಾವಾಗಿ ಬಂದರು, ಲೋಕಕ್ಕೆ ತೋರಿಸಲೆಂದೇ ಹೊಲಿದರು. ಬೇರೆಯವರು ಹೇಳಿಸಿದ್ದಲ್ಲ. ಹಾಗಾಗಿ ನಾನು ಮೇಲೆ ಹೇಳಿದ್ದಕ್ಕೆ ಇದು ವಿರೋಧವಲ್ಲ.

ತೋರಿಸುವ ಮಾತು ಬಂತಲ್ಲ, ಪ್ರದರ್ಶನ ಮತ್ತು ಬಹುಮಾನದ ಬಗ್ಗೆ ಎರಡು ಮಾತು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಃಶಾಸ್ತ್ರಜ್ಞರು ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗ ಪ್ರಸಿದ್ಧ. ಮಾರ್ಕರ್ ಹಿಡಿದು ಬರೆಯುವುದೆಂದರೆ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ, ಬಹುಮಾನ ಇಲ್ಲದಾಗ, ಆ ಮಕ್ಕಳು ಮಾರ್ಕರ್ ಹಿಡಿದ ಹೊತ್ತು ಉಳಿದ ಮಕ್ಕಳದ್ದಕ್ಕಿಂತ ಸುಮಾರು ಅರ್ಧ. ದೊಡ್ಡವರ ಕಥೆಯೂ ಬಹಳ ಬೇರೆಯಲ್ಲ. ಯಾರೋ ಅಂಕ ಹಾಕುತ್ತಾರೆ ಎಂದು ಗೊತ್ತಿದ್ದಾಗ ಮಾಡಿದ ಕೆಲಸದಲ್ಲಿ ಹೊಸತನ ಕಡಿಮೆಯಾಗುತ್ತದೆ ಎಂದು ಮನಃಶಾಸ್ತ್ರಜ್ಞೆ ತೆರೆಸಾ ಅಮಾಬಿಲೆ 1979ರಲ್ಲಿ ತೋರಿಸಿದರು. ಫೋಟೊ ತೆಗೆದು ಜಾಲತಾಣಕ್ಕೆ ಹಾಕುವುದೂ ಒಂದು ಥರದ ಅಂಕವೇ. ಕೂಟ ನಡೆಯುವಾಗ ಕ್ಯಾಮೆರಾ ಹೊರಗಿರಲಿ. ಮಾಡಿದ್ದನ್ನು ಕೊನೆಗೆ ಹರಿದು ಹಾಕುವ, ಮಣ್ಣನ್ನು ಮತ್ತೆ ಉಂಡೆ ಮಾಡಿ ಡಬ್ಬಿಗೆ ಹಾಕುವ ಹಕ್ಕೂ ಅವರಿಗಿರಲಿ.

ಮನೆಯಲ್ಲೇ ಕೂತು ಬಣ್ಣ ಹಚ್ಚಿದರೆ ಆಗಲ್ವಾ ಎಂಬ ಪ್ರಶ್ನೆ ಬರುತ್ತದೆ. ಆಗುತ್ತದೆ, ಆದರೆ ಒಂಟಿತನಕ್ಕೆ ಅದು ಮದ್ದಲ್ಲ. ಬ್ರಿಟನ್ನಿನ ವಯಸ್ಕರ ತರಗತಿಗಳಲ್ಲಿ 7 ತಿಂಗಳು ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಹಾಡುವ ಗುಂಪು, ಕರಕುಶಲದ ಗುಂಪು, ಬರವಣಿಗೆಯ ಗುಂಪುಗಳನ್ನು ಹೋಲಿಸಿತು. ಹಾಡುವವರು ಮೊದಲ ತಿಂಗಳಲ್ಲೇ ಒಬ್ಬರಿಗೊಬ್ಬರು ಹತ್ತಿರವಾದರು. ಆದರೆ 7 ತಿಂಗಳ ಕೊನೆಗೆ ಮೂರೂ ಗುಂಪಿನವರು ಒಂದೇ ಮಟ್ಟಕ್ಕೆ ಬಂದಿದ್ದರು. ನನಗೆ ಇದರಿಂದ ಎರಡು ಉಪಯೋಗ ಕಾಣುತ್ತದೆ. ಗುರುತಿಲ್ಲದ ಜನ ಸೇರಿದ ಮೊದಲ ದಿನ ಒಟ್ಟಿಗೆ ಗುನುಗುವಂಥ, ತಾಳ ಹಾಕುವಂಥ ಒಂದು ಸಣ್ಣ ಕೆಲಸದಿಂದ ಶುರು ಮಾಡುವುದು ಒಳ್ಳೆಯದು. ಇನ್ನೊಂದು, ಯಾವ ಕಲೆ ಎಂಬುದಕ್ಕಿಂತ ಎಷ್ಟು ದಿನ ಮತ್ತೆ ಮತ್ತೆ ಸೇರಿದರು ಎಂಬುದು ದೊಡ್ಡದು. ಒಂದು ದಿನದ ಭಾರೀ ಕಲಾ ಹಬ್ಬಕ್ಕೆ ಹಾಕುವ ಶ್ರಮವನ್ನು ವಾರಕ್ಕೊಮ್ಮೆ ತೆರೆಯುವ ಚಿಕ್ಕ ಕೋಣೆಗೆ ಹಾಕಿದರೆ ಹೆಚ್ಚು ಜನರಿಗೆ ಆಸರೆ ಸಿಗುತ್ತದೆ.

ಕೂಟ ಬೇರೆ, ಚಿಕಿತ್ಸೆ ಬೇರೆ. ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ ಕ್ಷಯ ಬಂದು 1938ರಲ್ಲಿ ಸ್ಯಾನಿಟೋರಿಯಂ ಸೇರಿದಾಗ, ಹಾಸಿಗೆಯಲ್ಲೇ ಚಿತ್ರ ಬರೆದು ಚೇತರಿಸಿಕೊಂಡರು. ಆಮೇಲೆ ಉಳಿದ ರೋಗಿಗಳಿಗೂ ಕಲಿಸಿದರು. ಆರ್ಟ್ ಥೆರಪಿ ಎಂಬ ಹೆಸರು 1942ರಲ್ಲಿ ಅವರಿಂದಲೇ ಬಂತು. ಇಂದು ಅದು ವರ್ಷಗಟ್ಟಲೆ ಓದಿ, ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿ ಕಲಿಯಬೇಕಾದ ವೃತ್ತಿ. ಒಳ್ಳೆ ಮನಸ್ಸಿನಿಂದ ಕೂಟ ನಡೆಸುವ ಸ್ವಯಂಸೇವಕರು ಥೆರಪಿಸ್ಟ್ ಆಗಿಬಿಡುವುದಿಲ್ಲ. ಅವರು ಒಬ್ಬರ ಚಿತ್ರ ನೋಡಿ ಕಪ್ಪು ಜಾಸ್ತಿ ಇದೆ, ನಿಮಗೆ ಏನೋ ದುಃಖ ಇದೆ ಎಂದು ಅರ್ಥ ಹೇಳಬಾರದು. ಕೋಣೆಯಲ್ಲಿ ಯಾವಾಗಲೂ ಇಬ್ಬರು ನಡೆಸುವವರು ಇರಬೇಕು. ಯಾರಾದರೂ ಅಳತೊಡಗಿದರೆ ಒಬ್ಬರು ಅವರ ಜೊತೆ ಹೊರಗೆ ಹೋಗಿ ಕೂರಬಹುದು, ಇನ್ನೊಬ್ಬರು ಕೂಟ ಮುಂದುವರಿಸಬಹುದು. ಸಾಯುವ ಮಾತಾಡುವವರನ್ನು, ನಿದ್ದೆ ಊಟ ಬಿಟ್ಟವರನ್ನು ತಡ ಮಾಡದೆ ವೈದ್ಯರ ಹತ್ತಿರ ಕಳಿಸಬೇಕು. ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕೂಟ ಶುರುವಾಗುವ ಮುಂಚೆಯೇ ಬರೆದಿಟ್ಟುಕೊಂಡಿರಬೇಕು.

ಕಚೇರಿಗಳಲ್ಲಿ ನಡೆಯುವ ಕಲಾ ಶಿಬಿರಗಳ ಬಗ್ಗೆ ನನಗೆ ಕಳವಳ ಇದೆ. ಕೆಲಸದ ಹೊರೆ ಹಾಗೇ ಇಟ್ಟು, ತಿಂಗಳಿಗೊಮ್ಮೆ ಬಣ್ಣ ಕೊಟ್ಟು ನೆಮ್ಮದಿಯಾಗಿರಿ ಎಂದರೆ, ಒತ್ತಡ ತಡೆಯಲಾಗದ್ದು ನೌಕರರದ್ದೇ ತಪ್ಪು ಎಂದ ಹಾಗೆ. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ ನೋಡಿ 2024ರಲ್ಲಿ ಲೇಖನ ಪ್ರಕಟಿಸಿದರು. ಧ್ಯಾನದ ತರಗತಿ, ಒತ್ತಡ ನಿರ್ವಹಣೆಯ ತರಬೇತಿ, ಆ್ಯಪ್‌ಗಳಂಥವುಗಳಲ್ಲಿ ಸೇರಿದವರ ಸ್ಥಿತಿ ಸೇರದವರಿಗಿಂತ ಉತ್ತಮವೇನೂ ಇರಲಿಲ್ಲ. ಎದ್ದು ಕಂಡ ಅಪವಾದ ಎಂದರೆ ಸ್ವಯಂಸೇವೆ. ಅದು ಕಲಾ ಕೂಟಗಳ ಮೇಲಿನ ಅಧ್ಯಯನ ಅಲ್ಲ, ಆದರೆ ಎಚ್ಚರಿಕೆ ಇಲ್ಲಿಗೂ ಸಲ್ಲುತ್ತದೆ. ಕೆಲಸದ ಗಂಟೆ, ಸಂಬಳ, ರಜೆ ಸರಿ ಮಾಡಬೇಕಾದವರು ಕುಂಚದ ಹಿಂದೆ ಅವಿತುಕೊಳ್ಳಬಾರದು.

ಇನ್ನೊಂದು ಕಷ್ಟದ ಸಂಗತಿ. ಬ್ರಿಟನ್ನಿನಲ್ಲಿ 50 ದಾಟಿದ 6,710 ಜನರನ್ನು 14 ವರ್ಷ ಗಮನಿಸಿದ ಡೇಸಿ ಫ್ಯಾನ್‌ಕೋರ್ಟ್ ಮತ್ತು ಆಂಡ್ರ್ಯೂ ಸ್ಟೆಪ್ಟೊ ಅವರ 2019ರ ಅಧ್ಯಯನದಲ್ಲಿ, ಕೆಲವು ತಿಂಗಳಿಗೊಮ್ಮೆಯಾದರೂ ಮ್ಯೂಸಿಯಂ, ನಾಟಕ, ಸಂಗೀತ ಕಛೇರಿಗೆ ಹೋಗುವವರಲ್ಲಿ ಆ ಅವಧಿಯಲ್ಲಿ ಸಾಯುವ ಅಪಾಯ, ಹೋಗದೇ ಇರುವವರಿಗಿಂತ ಶೇಕಡಾ 31ರಷ್ಟು ಕಡಿಮೆ ಇತ್ತು. ಕೇಳಲು ಖುಷಿ. ಆದರೆ ಹಾಗೆ ಹೋಗುವವರಲ್ಲಿ ಅನುಕೂಲಸ್ಥರು, ಓದಿದವರು, ಓಡಾಡಲು ಶಕ್ತಿ ಇರುವವರು ಜಾಸ್ತಿ. ಅವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಇಷ್ಟು ವ್ಯತ್ಯಾಸ ಉಳಿಯಿತು ನಿಜ. ಆದರೂ ಕಲೆಯೇ ಇದಕ್ಕೆ ಕಾರಣ ಎಂದು ಇಂಥ ಅಧ್ಯಯನ ಸಾಬೀತು ಮಾಡಲಾರದು. ಕಲಾ ಕೂಟಕ್ಕೆ ಬಿಡುವು ಮಾಡಿಕೊಂಡು ಬರಬಲ್ಲವರು ಒಂದು ಮಟ್ಟಿಗೆ ಬಿಡುವು ಇರುವವರೇ. ಎರಡು ಪಾಳಿ ದುಡಿಯುವವರು, ಚಿಕ್ಕ ಮಕ್ಕಳ ತಾಯಂದಿರು, ಹಾಸಿಗೆ ಹಿಡಿದವರ ಪಕ್ಕ ಕೂತವರು ಹೇಗೆ ಬರಬೇಕು? ಅವರಿದ್ದಲ್ಲಿಗೇ ಮೇಜು ಹೋಗಬೇಕು. ಡಯಾಲಿಸಿಸ್ ವಾರ್ಡಿಗೆ, ಮಕ್ಕಳನ್ನು ಕಾಯುವ ತಾಯಂದಿರ ಬೆಂಚಿಗೆ, ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಬಾಗಿಲಿಗೆ. ಎರಡು ಗಂಟೆ ಆಗದಿದ್ದರೆ ಇಪ್ಪತ್ತು ನಿಮಿಷ ಆಗಲಿ.

ಇದಕ್ಕೆಲ್ಲ ಹಣ ಬೇಕು. ಕಾಗದ, ಬಣ್ಣಕ್ಕೆ ಹೆಚ್ಚೇನೂ ಬೇಡ. ವಾರ ವಾರವೂ ಬಂದು ಮೇಜು ಹಾಕುವವರಿಗೆ ಮರ್ಯಾದೆಯ ಸಂಬಳ ಬೇಕು, ಇಲ್ಲದಿದ್ದರೆ ವರ್ಷದೊಳಗೆ ಅವರೇ ಸುಸ್ತಾಗಿ ಬಿಡುತ್ತಾರೆ. ಹಣ ಕೊಡುವವರು ಸಾಮಾನ್ಯವಾಗಿ ಕೊನೆಗೊಂದು ಪ್ರದರ್ಶನ ಕೇಳುತ್ತಾರೆ, ಗೋಡೆ ತುಂಬ ಚಿತ್ರ ಕೇಳುತ್ತಾರೆ, ಬದುಕು ಬದಲಾದ ಒಬ್ಬರ ಕಥೆ ಕೇಳುತ್ತಾರೆ. ಅದರ ಬದಲು ಅವರು ಹಾಜರಿ ಪುಸ್ತಕ ಕೇಳಲಿ. ಮೊದಲ ತಿಂಗಳು ಬಂದವರಲ್ಲಿ ಆರನೇ ತಿಂಗಳು ಎಷ್ಟು ಜನ ಇದ್ದಾರೆ? ಬಾರದೇ ಹೋದವರನ್ನು ಯಾರಾದರೂ ವಿಚಾರಿಸಿದ್ದಾರಾ? ಏನೂ ಮಾಡದೆ ಮೇಜಿನ ಮೂಲೆಯಲ್ಲಿ ಸುಮ್ಮನೆ ಕೂತು ಹೋದವರು ಮುಂದಿನ ವಾರ ಮತ್ತೆ ಬಂದರಾ?